ಎರಡು ಸಲ ಮಸಿ ಹಚ್ಚಿಸಿಕೊಂಡವರು

ಬೊಮ್ಮನಕಟ್ಟೆ, ಕೂಡ್ಲಿಗಿ ತಾಲೂಕು
ತಾ. ೪–೩–೨೦೦೦

ನಮ್ಮ ಮನೆಯವರಿಗೆ ಗೀತಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಅಸ್ಸಾಮಿನ ಚಳಿ ಇನ್ನೂ ಬಿಟ್ಟಿಲ್ಲವೆಂದು ಬರೆದಿದ್ದಿರಿ. ಮಿಲಿಟರಿ ಕ್ಯಾಂಪಿನ ಡಾಕ್ಟರು ಕೊಟ್ಟ ಗುಳಿಗೆಯನ್ನು ಅರ್ಧಕ್ಕೆ ಬಿಡಬೇಡಿ, ನಿಮಗೆ ಆ ಚಾಳಿ ಇದೆ. ಅತ್ತೆಯ ಮೊಣಕಾಲು ನೋವು ಇದ್ದ ಹಾಗೇ ಇದೆ. ನಿಮ್ಮ ಮಗಳು ಸಮತಾ ಗೋಡೆ ಹಿಡಿದು ನಡೆಯುತ್ತಾಳೆ, ಬಿದ್ದರೆ ಅಳುವುದಿಲ್ಲ, ಯಾರಾದರೂ ನೋಡಿದರೆ ಮಾತ್ರ ಅಳುತ್ತಾಳೆ.

ಪಂಚಾಯ್ತಿ ಚುನಾವಣೆ ಮುಗಿಯಿತು. ನಿಮ್ಮಣ್ಣ ದುರುಗಪ್ಪ ಭಾವನವರು ಸೋತರು, ಸೋಮಪ್ಪ ಗೆದ್ದ. ಅಷ್ಟೇ ಆಗಿದ್ದರೆ ಕಾರ್ಡಿನಲ್ಲಿ ಬರೆದು ಮುಗಿಸುತ್ತಿದ್ದೆ. ಸೋಲಿಗೆ ನಾನೇ ಕಾರಣವೆಂದು ನಿಮಗೆ ಯಾರಾದರೂ ಬರೆದೇ ಬರೆಯುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ತಿಳಿಸುತ್ತಿದ್ದೇನೆ.

ಅಕ್ಷರ ಕಲಿಸುವ ಕೇಂದ್ರದ ನಾವು ಕೆಲವರು ಸೇರಿ ಮತದಾನದ ಬಗ್ಗೆ ಓಣಿ ಓಣಿಗೆ ಹೋಗಿ ತಿಳಿಸಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಯಾರಿಗೆ ಹಾಕಬೇಕೆಂದು ಹೇಳುವುದಿಲ್ಲ, ಹೇಗೆ ಹಾಕಬೇಕೆಂದಷ್ಟೇ ಹೇಳುತ್ತೇವೆ ಎಂಬುದು ನಮ್ಮ ಕಟ್ಟುನಿಟ್ಟು. ಚುನಾವಣೆಗೆ ನಿಂತವರ ಮನೆಯ ಚಹಾ ಕುಡಿಯಬಾರದು, ಅವರ ಗಾಡಿ ಹತ್ತಬಾರದು. ನಿಂತವರ ಮನೆಯಲ್ಲೇ ಇದ್ದುಕೊಂಡು ನಾನು ಚಹಾ ಎಲ್ಲಿ ಕುಡಿಯಬೇಕೆಂದು ಜೊತೆಯವರು ನಕ್ಕರು. ಭಾವನವರೂ ಆಗ ನಕ್ಕಿದ್ದರು. "ನಮ್ಮ ಗೀತವ್ವ ಊರಿಗೆಲ್ಲಾ ಬುದ್ಧಿ ಹೇಳ್ಲಿ ಬಿಡ್ರಿ, ಮನಿ ಓಟು ಎಲ್ಲಿ ಹೋಗತೈತಿ" ಎಂದರು.

ಕೆರೆ ಕೆಳಗಿನ ಓಣಿಯ ಹೆಂಗಸರಲ್ಲಿ ಹೆಚ್ಚಿನವರು ಈ ಮೊದಲು ಮತ ಹಾಕಿದವರೇ ಅಲ್ಲ. ಮತಗಟ್ಟೆಯೊಳಗೆ ಹೋಗಲು ಅವರಿಗೆ ಅಂಜಿಕೆ. ನಮ್ಮ ಜೊತೆಯ ಸಂಜೀವ ಒಂದು ಉಪಾಯ ಮಾಡಿದ. ಮತದಾನದ ಹಿಂದಿನ ದಿನ ಸಂಜೆ ಚೌಡಕ್ಕನ ಅಂಗಳದಲ್ಲಿ ಸೀರೆಯ ಮರೆ ಕಟ್ಟಿ, ಹಳೆಯ ಡಬ್ಬಿಯನ್ನು ಪೆಟ್ಟಿಗೆ ಮಾಡಿ, ಮಾವು, ಬಾಳೆ, ಹಲಸಿನ ಚಿತ್ರ ಬರೆದ ಚೀಟಿ ಕೊಟ್ಟು, ಮುದ್ರೆ ಒತ್ತಿಸಿ, ಮಡಿಚುವುದನ್ನು ತೋರಿಸಿದೆವು. ನಿಜದ ಹಾಗೇ ಇರಲೆಂದು ಬೆರಳಿಗೆ ಪೆನ್ನಿನ ಶಾಯಿಯನ್ನೂ ಹಚ್ಚಿದೆ. ಹಚ್ಚಿದ್ದು ನಾನೇ. ಎಲ್ಲರೂ ಖುಷಿಯಿಂದ ಬೆರಳು ನೋಡಿಕೊಂಡು ಹೋದರು.

ಮತದಾನದ ದಿನ ಮಧ್ಯಾಹ್ನ ಕಳೆದರೂ ಆ ಓಣಿಯಿಂದ ಒಬ್ಬಳೂ ಬರಲಿಲ್ಲ. ಹೋಗಿ ನೋಡಿದರೆ ಮನೆಗಳಿಗೆ ಚಿಲಕ. ಗುರುಸಂಗಪ್ಪನ ಹೊಲದಲ್ಲಿ ಜೋಳದ ಕೊಯ್ಲಿಗೆ ಹೋಗಿದ್ದಾರೆಂದು ಒಬ್ಬ ಮುದುಕ ಹೇಳಿದ. ಮತ ಹಾಕುವುದಿಲ್ಲವೇ ಎಂದರೆ, "ಅವ್ರು ನಿನ್ನೇನ ಹಾಕ್ಯಾರಲ್ಲ, ಬೆರಳಿಗೆ ಮಸಿ ಐತಿ" ಎಂದ.

ಹೊಲದ ಕಡೆ ಹೊರಟವಳಿಗೆ ಮತಗಟ್ಟೆಯಿದ್ದ ಶಾಲೆಯ ಗೇಟಿನ ಹತ್ತಿರ ಭಾವನವರು ಎದುರಾದರು. ಅವರಿಗೆ ಸುದ್ದಿ ಮುಟ್ಟಿತ್ತು. ಆ ಓಣಿ ಸೋಮಪ್ಪನ ಕಡೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

"ದುಡ್ಯಾಕ ಹೋಗ್ಯಾರ, ದುಡೀಲಿ ಬಿಡು. ನೀನು ಮನಿಗಿ ನಡಿ."

"ನಾನಾ ಮಸಿ ಹಚ್ಚೀನ್ರಿ ಭಾವ. ಕರ್ಕೊಂಡು ಬರ್ತೀನಿ."

"ನೀನು ಯಾರ ಮನಿ ಸೊಸಿ?"

ನಾನು ಸೆರಗು ಬಿಗಿ ಮಾಡಿಕೊಂಡು ನಡೆದೆ.

ಹೊಲದಲ್ಲಿ ಚೌಡಕ್ಕ ಕುಡುಗೋಲು ಹಿಡಿದೇ ನಕ್ಕಳು. "ಏನವ್ವಾ, ನೀನಾ ಹಾಕಿಸಿದ್ಯಲ್ಲ! ಮತ್ತ ಎಷ್ಟು ಸಲ ಹಾಕಾದು?" ಅದು ಕಲಿಕೆಗೆ ಮಾಡಿದ ಆಟ, ನಿಜವಾದದ್ದು ಇವತ್ತು ಎಂದು ತಿಳಿಸಿದಾಗ ನಗು ನಿಂತಿತು. "ಹಂಗಾರ ನಾವು ಮೋಸ ಹೋದ್ವಿ" ಎಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ. ಎಲ್ಲರೂ ಕುಡುಗೋಲು ಕೊಯ್ದ ಜೋಳದ ಸಿವುಡಿನೊಳಗೆ ಸಿಕ್ಕಿಸಿ ಹೊರಟರು. ದಾರಿಯಲ್ಲಿ ಸೋಮಪ್ಪನ ಕಡೆಯವರ ಟ್ರ್ಯಾಕ್ಟರ್ ಬಂತು. "ಹತ್ರಿ, ಹೊತ್ತಾಗತೈತಿ" ಎಂದರು. ನಾನು ಬೇಡವೆಂದೆ. ಹೊತ್ತಾಗುತ್ತಿದ್ದದ್ದು ನಿಜ, ಆದರೂ ಬೇಡವೆಂದೆ. ಹೆಂಗಸರು ಬೈದುಕೊಂಡೇ ನಡೆದರು.

ಗೇಟು ಮುಚ್ಚುವ ಮೊದಲು ಮುಟ್ಟಿದೆವು. ಒಳಗೆ ಇನ್ನೊಂದು ತಕರಾರು. ಭಾವನವರ ಏಜೆಂಟ್ ಓಬಣ್ಣ ಎದ್ದು, "ಇವ್ರು ಒಂದ್ಸಲ ಹಾಕಿ ಆಗೇತಿ ಸಾರ್, ಬೆರಳು ನೋಡ್ರಿ" ಎಂದ. ನಾನು ಬಾಗಿಲ ಹೊರಗಿನಿಂದಲೇ ನಡೆದದ್ದನ್ನು ಹೇಳಿದೆ. ಅಧಿಕಾರಿ ಪಟ್ಟಿ ನೋಡಿದರು, ಇವರ ಹೆಸರಿಗೆ ಗುರುತು ಬಿದ್ದಿರಲಿಲ್ಲ. ಆಮೇಲೆ ಚೌಡಕ್ಕನಿಗೆ ಸೆರಗು ನೆನೆಸಿ ಬೆರಳು ಉಜ್ಜಲು ಹೇಳಿದರು. ಪೆನ್ನಿನ ಶಾಯಿ, ಗಟ್ಟಿಯಾಗಿ ಉಜ್ಜಿದ ಮೇಲೆ ಬಿಟ್ಟಿತು; ಚುನಾವಣೆಯ ಮಸಿಯಾಗಿದ್ದರೆ ಬಿಡುತ್ತಿರಲಿಲ್ಲ. "ಸರಿ, ಒಬ್ಬೊಬ್ಬರಾಗಿ ಬರ್ರಿ" ಎಂದರು. ಎಲ್ಲರೂ ಹಾಕಿದರು. ಒಬ್ಬಳಿಗೂ ಒಳಗೆ ಗಾಬರಿಯಾಗಲಿಲ್ಲವಂತೆ.

ಹೊರಗೆ ಬಂದ ಚೌಡಕ್ಕ ನನ್ನ ಕಿವಿಯ ಹತ್ತಿರ ಬಾಗಿ, ಯಾರಿಗೆ ಹಾಕಿದೆ ಗೊತ್ತೇನು ಎಂದಳು. "ಹೇಳಬ್ಯಾಡ ಚೌಡಕ್ಕ" ಎಂದು ಅವಳ ಬಾಯಿ ಮುಚ್ಚಿದೆ. ಆದ್ದರಿಂದ ಅವರ ಮತ ಯಾರಿಗೆ ಬಿತ್ತೆಂದು ನನಗೆ ಈಗಲೂ ಗೊತ್ತಿಲ್ಲ. ಊರಿನವರಿಗೆ ಗೊತ್ತಂತೆ. ಭಾವನವರು ಸೋತದ್ದು ಕೈಬೆರಳಲ್ಲಿ ಎಣಿಸುವಷ್ಟು ಮತಗಳಿಂದ.

ಎಣಿಕೆ ಮುಗಿದು ಬಂದ ದಿನ ಅವರು ಕೂಗಾಡಲಿಲ್ಲ. ಪಡಸಾಲೆಯಲ್ಲಿ ಕೂತು ನೀರು ಕೇಳಿದರು. ನಾನು ಕೊಟ್ಟ ಚೊಂಬನ್ನು ಮುಟ್ಟದೆ ನಿಮ್ಮ ಅತ್ತಿಗೆಯನ್ನು ಕರೆದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನನಗೆ ಸಿಟ್ಟಿಲ್ಲ. ನಾನು ಅವರಿಗೇ ಮತ ಹಾಕಿದ್ದೆ, ಅದನ್ನು ಹೇಳಿಕೊಂಡರೆ ಈಗ ನಂಬುವವರಿಲ್ಲ, ಹೇಳಿಕೊಳ್ಳುವುದೂ ಇಲ್ಲ. ನಿಮಗೆ ಮಾತ್ರ ಬರೆದಿದ್ದೇನೆ.

ಅಂಚೆಯವನು ಬರುವ ಹೊತ್ತಾಯಿತು. ಗಂಟಲಿಗೆ ಬಿಸಿನೀರು ಕುಡಿಯುವುದನ್ನು ಬಿಡಬೇಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಸಮತಾಳ ಪಾಲಿನ ಮುತ್ತು ನಿಮಗೆ.

ನಿಮ್ಮ
ಗೀತಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಅತ್ತೆ ಈಗ ಬಂದು, "ದುರುಗಪ್ಪ ಬ್ಯಾರೆ ಒಲಿ ಹಾಕ್ಕೋ ಅಂತಾನವ್ವ" ಎಂದು ಹೇಳಿ ಅತ್ತರು. ನಾನು ಹೂಂ ಎಂದೆ. ನಾಳೆಯಿಂದ ಹಿತ್ತಲ ಕೋಣೆಯಲ್ಲಿ ನಮ್ಮ ಅಡುಗೆ. ನೀವು ರಜೆಗೆ ಬಂದಾಗ ಯಾವ ಒಲೆಯ ಮುಂದೆ ಊಟಕ್ಕೆ ಕೂರುತ್ತೀರಿ? ನಾನು ಏನೂ ಹೇಳುವುದಿಲ್ಲ, ನಿಮ್ಮ ಮನಸ್ಸು. ಸದ್ಯಕ್ಕೆ ನನಗೂ ಮಗುವಿಗೂ ಸಣ್ಣ ಪಾತ್ರೆ ಸಾಕು, ದೊಡ್ಡದನ್ನು ಕೊಟ್ಟೂರಿನ ಸಂತೆಯಿಂದ ತರುವುದು ನಿಮ್ಮ ಉತ್ತರ ಬಂದ ಮೇಲೆ.