ಏಡಿ ಮುಟ್ಟಿದ ಕೈ

ವೀರನಹೊಸಹಳ್ಳಿ
೧೮ ಅಕ್ಟೋಬರ್ ೨೦೨೪

ಗುರುಪುರದ ಮಹೇಶ್‌ಕುಮಾರ್ ಅವರಿಗೆ, ಇನ್ನೂ ತಾಳಿ ಬಿಚ್ಚದ ನಿಮ್ಮ ಹೆಂಡತಿ ಯಶೋಧರಾ ಮಾಡುವ ನಮಸ್ಕಾರ.

ಫೋನಿನಲ್ಲಿ ನಿಮ್ಮ ಗಂಟಲೇ ಜೋರು, ನನಗೆ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ.

ನಿಮ್ಮೂರ ಕಾಂತರಾಜಣ್ಣನ ಕೈಲಿ ಹೇಳಿಕಳಿಸಿದ್ದಿರಿ. 'ಅನುಶ್ರೀ ಕೈಗುಣ ನೆಟ್ಟಗಿಲ್ಲ ಕಣಣ್ಣ. ಇಡಿದ ಏಡಿಯೆಲ್ಲ ಬೆಳಗಾಗೋದ್ರೊಳಗೆ ಸಾಯ್ತವೆ. ಯಶೋಧನ ಬರಾಕೇಳು' ಅಂದಿರಂತೆ. ಹೋದ ವರ್ಷ ನನ್ನ ಟ್ರಂಕನ್ನು ಬೀದಿಗೆ ಎಸೆದಾಗಲೂ ಇದೇ ಕೈಗುಣದ ಮಾತು ಆಡಿದ್ದಿರಿ. ನಾನು ಮುಟ್ಟಿದ ಬಿದಿರಿನ ಕೂಳಿಗೆ ಏಡಿ ಬೀಳುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿ, ಈ ಅನುಶ್ರೀಯನ್ನು ಮನೆ ತುಂಬಿಸಿಕೊಂಡಿರಿ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಏಡಿ ಯಾಕೆ ಸಾಯುತ್ತವೆ, ಹೇಳುತ್ತೇನೆ ಕೇಳಿ. ನೀವು ಹೊಳೆಯಿಂದ ತಂದದ್ದನ್ನೆಲ್ಲ ನೀರು ತುಂಬಿದ ಡ್ರಮ್ಮಿಗೆ ಸುರಿದು ಮಲಗುತ್ತಿದ್ದಿರಿ. ನಿಂತ ನೀರಿನಲ್ಲಿ ಅವಕ್ಕೆ ಉಸಿರು ಕಟ್ಟುತ್ತದೆ. ನೀವು ಗೊರಕೆ ಹೊಡೆಯುವಾಗ ನಾನು ಒಂದೊಂದನ್ನೇ ಎತ್ತಿ, ಹಸಿ ಹುಲ್ಲು ಹಾಸಿದ ಒದ್ದೆ ಗೋಣಿಚೀಲದಲ್ಲಿ ಇಡುತ್ತಿದ್ದೆ. ಕೊಪ್ಪದ ಹೋಟೆಲಿನವರು ಜೀವ ಇರುವ ಏಡಿಯನ್ನಷ್ಟೇ ಕೊಳ್ಳುವುದು. ಅವರು ಹೊಗಳಿದರೆ ಮೀಸೆ ತಿರುವುತ್ತಿದ್ದವರು ನೀವು. 'ಎಂಗ್ಸು ನಂಗೇ ಕಸುಬು ಯೋಳ್ಕೊಡ್ತೀಯಾ' ಎಂದು ಒಮ್ಮೆ ಕೆನ್ನೆಗೆ ಬಾರಿಸಿದಿರಲ್ಲ, ಅವತ್ತಿನಿಂದ ನಾನು ಬಾಯಿ ಬಿಡಲಿಲ್ಲ.

ಈಗ ಯಾಕೆ ಹೇಳುತ್ತಿದ್ದಾಳೆ ಎನ್ನುತ್ತೀರಾ? ಈ ಸೋಮವಾರದಿಂದ ಆ ಹೋಟೆಲಿನವರು ನಾನು ಇಲ್ಲಿ ಹಿಡಿದ ಏಡಿಯನ್ನೇ ಕೊಳ್ಳುತ್ತಿದ್ದಾರೆ. ನಿಮ್ಮವು ಇನ್ನು ಬೇಡವಂತೆ. ಇನ್ನು ನೀವು ಗೋಣಿಚೀಲದಲ್ಲಾದರೂ ಇಡಿ, ತೊಟ್ಟಿಲಲ್ಲಾದರೂ ಮಲಗಿಸಿ, ನನಗೇನು! ಕೊಂಡುಕೊಳ್ಳುವವರೇ ಇಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಸಂತೋಷವಾಗುತ್ತಿದೆ ಎಂದು ಮುಚ್ಚಿಡುವುದಿಲ್ಲ. ಪಾಪ ಅನ್ನಿಸಬಹುದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಅನ್ನಿಸಲಿಲ್ಲ.

ನಾನು ಬರುವುದಿಲ್ಲ.

ಇತಿ,
ನೀವೇ ಕೈಗುಣ ಕೆಟ್ಟವಳೆಂದು ಹೆಸರಿಟ್ಟ
ಯಶೋಧರಾ

ವಿ.ಸೂ.: ಹೋದ ವಾರ ಅನುಶ್ರೀ ಕೆನ್ನೆ ಊದಿಸಿಕೊಂಡು ನನ್ನ ಹತ್ತಿರ ಬಂದು ಅತ್ತಳು. ಬೈಯಬೇಕೆಂದೇ ಬಾಗಿಲು ತೆಗೆದಿದ್ದೆ, ಆ ಕೆನ್ನೆ ನೋಡಿ ಒಳಗೆ ಕರೆದು ಕೂರಿಸಿದೆ. ಗೋಣಿಚೀಲದ ವಿಷಯ ಅವಳಿಗೆ ಅವತ್ತೇ ಹೇಳಿದ್ದೇನೆ. ಅದು ಗೊತ್ತಾದ ಮೇಲೂ ದಿನಾ ಸತ್ತ ಏಡಿ ಎತ್ತಿ ಹಾಕುತ್ತಲೇ ಇದ್ದಳು, ನಿಮಗೆ ಮಾತ್ರ ಒಂದು ಮಾತು ಹೇಳಲಿಲ್ಲ ನೋಡಿ. ಇವತ್ತು ಮತ್ತೆ ಬಂದಿದ್ದಾಳೆ, ಈ ಕಾಗದವನ್ನು ಅವಳ ಕೈಲೇ ಕೊಟ್ಟು ಕಳಿಸುತ್ತಿದ್ದೇನೆ. ನೀವು ಇಲ್ಲಿಯವರೆಗೆ ಓದುವಷ್ಟರಲ್ಲಿ ಅವಳು ತನ್ನ ಬಟ್ಟೆಗಂಟು ಹಿಡಿದು ನಮ್ಮೂರ ಬಸ್ಸು ಹತ್ತಿರುತ್ತಾಳೆ.