ಕುಷಾಯಿಗೂಡದ ತೇಲು ಗಣಪತಿ

ಅತ್ತೇ, ಮೊದಲು ಕನ್ನಡಕ ಹಾಕಿಕೋ. ಇದು ಅಳುವ ಪತ್ರವಲ್ಲ, ಜಗಳದ ಪತ್ರ. ನಿನ್ನ ಜೊತೆಗೂ ಸ್ವಲ್ಪ ಜಗಳವಿದೆ.

ನಾನು ಚಿಕ್ಕವಳಿದ್ದಾಗ, ಗಣಪತಿ ಬಿಡುವ ಆ ಸಂಜೆ, ನಮ್ಮ ಕುಷಾಯಿಗೂಡದ ಕೆರೆಯ ದಂಡೆಯಲ್ಲಿ ಗಣಪತಿಯ ಕೈಗೆ ದಾರಿಗೆಂದು ಮೊಸರವಲಕ್ಕಿಯ ಬುತ್ತಿ ಕಟ್ಟಿದವಳು ನೀನು. ಗಂಡಸರು ಮೂರ್ತಿಯನ್ನು ಮೂರು ಸಲ ಅದ್ದಿ ಕೈಬಿಟ್ಟರು. ಗಣಪತಿ ಮುಳುಗಲೇ ಇಲ್ಲ! ಅಂಗಾತ ತೇಲುತ್ತಾ ದಂಡೆಗೇ ವಾಪಸ್ಸು ಬಂದ. ಕಮಿಟಿಯ ಪಾಟೀಲ ಕಾಕಾ ನಿನ್ನ ಕಡೆ ಬೆರಳು ಮಾಡಿ, "ಗಂಡ ಸತ್ತಾಕಿ ಕೈಲೆ ಬುತ್ತಿ ಕಟ್ಟಿಸಿದ್ರ ದೇವ್ರು ಹೆಂಗ ಹೋಗ್ತಾನ್ರಿ?" ಎಂದರು. ನಿನ್ನ ಸ್ವಂತ ತಮ್ಮ, ನಮ್ಮಪ್ಪ ಕೂಡ ಆ ಕಡೆ ಮುಖ ತಿರುಗಿಸಿದ. ನೀನಾದರೂ ಒಂದು ಮಾತು... "ನಂದ ತಪ್ಪಾತು, ಬಿಡ್ರಿ" ಅಂದುಬಿಟ್ಟೆಯಲ್ಲ, ಯಾಕೆ? ಆಮೇಲೆ ಸಾಯುವವರೆಗೂ ನೀನು ಪೆಂಡಾಲಿನ ಕಡೆ ತಲೆ ಹಾಕಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಸೈನ್ಸ್ ಮೇಡಂ ಬಕೆಟ್ಟಿಗೆ ಸ್ಟೀಲ್ ಡಬ್ಬಿ ಬಿಟ್ಟ ದಿನ ನನ್ನ ಮೈಯೆಲ್ಲ ಉರಿಯಿತು. ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನು ಎಷ್ಟು ಒತ್ತಿದರೂ ಮೇಲೆದ್ದು ಬಂತು. ಅದು ಪಕ್ಕಕ್ಕೆ ಸರಿಸುವ ನೀರಿಗಿಂತ ಅದೇ ಹಗುರ. ಅದಕ್ಕೇ ನೀರು ಮೇಲಕ್ಕೆ ದಬ್ಬುತ್ತದೆ. ಒಳಗೆ ನೀರು ತುಂಬಿದರು, ಮುಳುಗಿತು. ಅಷ್ಟೇ ಅತ್ತೇ, ಅಷ್ಟೇ!

ನೀನು ಬುತ್ತಿ ಕಟ್ಟಿದ ವರ್ಷದ ಗಣಪತಿ ಪ್ಲಾಸ್ಟರಿನದು, ಒಳಗೆಲ್ಲ ಪೊಳ್ಳು. ಅದರ ಬುಡ ಮುಚ್ಚಿದವರು ಯಾರು? ದಿನವಿಡೀ ಕಾರ್ಖಾನೆಯಲ್ಲಿ ಪೆಟ್ಟಿಗೆಗಳೊಳಗೆ ತೇವ ಹೋಗದಂತೆ ಸೀಲ್ ಹಾಕುವ ನಮ್ಮ ಗಂಡಸರೇ! ಪೆಂಡಾಲಿನಲ್ಲಿ ಮಳೆನೀರು ನಿಲ್ಲುತ್ತದೆಂದು ಬುಡಕ್ಕೆ ಹಲಗೆ ಬಡಿದು, ಸಂದಿಗೆಲ್ಲ ಅಂಟು ಬಳಿದಿದ್ದರು. ಎಂಥ ಶಾಣ್ಯಾ ಮಂದಿ! ನಾನು ಶಾಲೆಯಿಂದ ಓಡಿ ಬಂದು ಇದನ್ನೆಲ್ಲ ಹೇಳಿದರೆ ನೀನು, "ದೊಡ್ಡವರ ಮುಂದ ಬಾಯಿ ಮಾಡಬ್ಯಾಡವಾ" ಎಂದೆ. ನಾನೂ ಬಾಯಿ ಮುಚ್ಚಿಕೊಂಡೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನೀನು ಹೋದ ಮರುವರ್ಷ ನನ್ನವರೂ ಹೋದರು. ಎದೆನೋವು ಅಂದರು, ಆಸ್ಪತ್ರೆ ಮುಟ್ಟಲಿಲ್ಲ. ನಿನ್ನೆ ಪಾಟೀಲ ಕಾಕಾನ ಮಗ ಬಂದಿದ್ದ. "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಈ ಸಲ ನೀವು ಸ್ವಲ್ಪ ದೂರ ನಿಂತ್ರ..." ಮುಗಿಸಲು ಬಿಡಲಿಲ್ಲ. "ಬುತ್ತಿ ಕಟ್ಟಾಕಿ ನಾನ. ಗಣಪತಿ ಮುಳುಗಲಿಲ್ಲಂದ್ರ ಬುಡಕ್ಕ ತೂತು ಕೊರೀರಿ, ನನ್ನ ಕಡೆ ನೋಡಬ್ಯಾಡ್ರಿ. ನಿಮ್ಮಪ್ಪಗೂ ಹೇಳು" ಎಂದೆ.

ಅವಲಕ್ಕಿ ನೆನೆಸಿದ್ದೇನೆ. ಹಣೆಗೆ ಕುಂಕುಮವನ್ನೂ ಇಟ್ಟುಕೊಂಡಿದ್ದೇನೆ. ಇವತ್ತು ನಿನ್ನ ಹೆಸರು ಜೋರಾಗಿ ಹೇಳಿಯೇ ಬುತ್ತಿ ಕಟ್ಟುತ್ತೇನೆ, ಪಾಟೀಲ ಕಾಕಾಗೆ ಈಗ ಕಿವಿ ಮಂದವಾಗಿದೆಯಲ್ಲ.

ನಿನ್ನ ಸುಮಾ