ಸಾಹೇಬನ ಲಾಯದ ಬಾಗಿಲು

ಸೋಮವಾರ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಅಮ್ಮನಿಗೆ,

ಸೊಂಟಕ್ಕೆ ದಿಂಬು ಕೊಟ್ಟುಕೊಂಡು, ಕೂತು ಓದು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ನಾನು ಹೇಳಿದ್ದನ್ನೆಲ್ಲ ಅಣ್ಣ ನಿನ್ನ ಕಿವಿಯ ಹತ್ತಿರ ಕೂಗಿ ಹೇಳುತ್ತಾನೆ, ಅತ್ತಿಗೆ ಅಡುಗೆಮನೆಯಿಂದಲೇ ಅದಕ್ಕೊಂದು ಒಗ್ಗರಣೆ ಹಾಕುತ್ತಾರೆ. ಈ ಮಾತು ಅಣ್ಣನ ಬಾಯಿಂದ ನಿನಗೆ ತಲುಪುವುದು ಬೇಡ.

ಮೊದಲು ಸಾಹೇಬನ ಸಮಾಚಾರ. ಬದುಕಿದ್ದಾನೆ. ಕುದುರೆಗೆ ಇಪ್ಪತ್ತೆಂಟು ಅಂದರೆ ಮನುಷ್ಯರಿಗೆ ಎಂಬತ್ತು ಎಂದು ನೀನೇ ಹೇಳುತ್ತಿದ್ದೆ, ಎಂಬತ್ತರ ಹಟವೆಲ್ಲ ಅವನಲ್ಲಿದೆ. ಹೋದ ವಾರ ಬಸ್ಸಿಗೆ ಹೊತ್ತಾಯಿತೆಂದು ಅವನ ಮೇವನ್ನು ಒಂದು ಗಂಟೆ ನೆನೆಸುವ ಬದಲು ಇಪ್ಪತ್ತೇ ನಿಮಿಷ ನೆನೆಸಿ ಕೊಟ್ಟೆ. ದವಡೆಹಲ್ಲಿಲ್ಲದವನು ಗಬಗಬ ನುಂಗಿದ, ಗಂಟಲಲ್ಲಿ ಸಿಕ್ಕಿಕೊಂಡಿತು. ಮೂಗಿನಿಂದ ಹಸಿರು ನೊರೆ ಬಂತು. ಡಾಕ್ಟರಿಗೆ ಫೋನ್ ಮಾಡಿದರೆ, ನೀರು ಕೊಡಬೇಡಿ, ತಲೆ ತಗ್ಗಿಸಿ ಕತ್ತು ನೀವ್ತಾ ಇರಿ ಅಂದರು. ಮುಕ್ಕಾಲು ಗಂಟೆ ನೀವಿದೆ. ಕೊನೆಗೆ ಒಂದು ಸೀನು ಸೀನಿದ, ಇದ್ದದ್ದೆಲ್ಲ ನನ್ನ ಮೇಲೆ. ಹಾಗೇ ಕೆಲಸಕ್ಕೆ ಹೋದೆ. ನಮ್ಮ ಹೊಲಿಗೆ ಅಂಗಡಿಯ ಮಾಲೀಕರು ಮೂಗು ಮುಚ್ಚಿಕೊಂಡು ನನ್ನ ಮಷಿನನ್ನು ಕಿಟಕಿ ಹತ್ತಿರ ಹಾಕಿಸಿದರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವತ್ತು ಹದಿನಾಲ್ಕು ಶಾಲೆ ಅಂಗಿಗಳಿಗೆ ಜೇಬು ಹೊಲಿದೆ.

ನೀನು ಬಿದ್ದ ದಿನದಿಂದ ನನಗೆ ಹೀಗೇ, ಒಳಗೆಲ್ಲ ಜೋಮು ಹಿಡಿದಂತಿದೆ.

ಲಾಳ ಹೊಡೆಯುವವರು ಬಂದಿದ್ದರು. ಸಾಹೇಬನಿಗೆ ಹಿಂಗಾಲು ಎತ್ತಿಕೊಂಡು ನಿಲ್ಲಲು ಆಗುವುದಿಲ್ಲ, ಅವರಿಗೆ ಬಗ್ಗಿ ಹಿಡಿಯಲು ಆಗುವುದಿಲ್ಲ. ಒಂದು ಕಾಲಿಗೆ ನಾಲ್ಕು ಸಲ ವಿಶ್ರಾಂತಿ. ನಾನು ಸೊಂಟ ನೆಟ್ಟಗೆ ಮಾಡ್ಕೊಳೋ ತನಕ ಅವನು ಕಾಯ್ತಾನೆ, ಅವನು ಸುಧಾರಿಸ್ಕೊಳೋ ತನಕ ನಾನು ಕಾಯ್ತೀನಿ ಅಂದರು. ನಿನ್ನನ್ನು ವಿಚಾರಿಸಿದರು. ಶುಕ್ರವಾರದ ಸಂಗತಿಯ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆಸಿದೆ.

ಶುಕ್ರವಾರ ಡಾಕ್ಟರು ಸಾಹೇಬನಿಗೆ ಕೊನೆಯ ಸೂಜಿ ಚುಚ್ಚಲು ಬರುತ್ತಾರೆ. ನೀನೇ ಹೇಳಿ ಕಳಿಸಿದ್ದು. ಇಪ್ಪತ್ತೆರಡು ವರ್ಷ ನನ್ನ ಕೈಯ ಗುರುತಿದ್ದವನು ಕೈ ಮರೆತ, ಇನ್ನು ಅವನು ಅವನಲ್ಲ, ಕಳಿಸಿಬಿಡಿ ಎಂದೆಯಂತೆ. ನಿನ್ನ ಸವಾರಿ ಶಾಲೆ ಮುಚ್ಚಿದಾಗ ಉಳಿದ ಕುದುರೆಗಳನ್ನೆಲ್ಲ ಕೊಟ್ಟು ನೀನು ಹಿತ್ತಿಲಿಗೆ ತಂದುಕೊಂಡದ್ದು ಇವನೊಬ್ಬನನ್ನೇ. ಎರಡೂ ಕಣ್ಣು ಹೋದ ಮೇಲೂ, ಮಾತಾಡಿಸದೆ ನೀನು ಹೆಗಲ ಮೇಲೆ ಕೈಯಿಟ್ಟರೆ ಅಲ್ಲಾಡದೆ ನಿಲ್ಲುತ್ತಿದ್ದ. ಅಂಥವನು ಅವತ್ತು ಬೆಚ್ಚಿಬಿದ್ದು ನಿನ್ನನ್ನು ಗೋಡೆಗೆ ಒತ್ತಿ ಕೆಡವಿದ. ಮೂಳೆ ಮುರಿದದ್ದಕ್ಕಿಂತ ಅವನು ಮರೆತದ್ದೇ ಅಮ್ಮನಿಗೆ ಹೆಚ್ಚು ನೋವು ಎಂದು ಅಣ್ಣ ಹೇಳಿದ.

ಅಮ್ಮಾ, ಅವನು ಮರೆತಿಲ್ಲ.

ಲಾಯದ ಬಾಗಿಲ ಕೀಲು ವರ್ಷಗಳಿಂದ ಕಿರ್ರೆನ್ನುತ್ತಿತ್ತು. ನಿನಗೆ ಅದು ಕೇಳಿಸುತ್ತಿರಲಿಲ್ಲ. ಪಕ್ಕದ ಬೇಕರಿಯವರಿಗೆ ಕೇಳಿಸುತ್ತಿತ್ತು, ಬೆಳಿಗ್ಗೆ ನಾಲ್ಕೂವರೆಗೆ ನನಗೂ. ನೀನು ಬೀಳುವ ಹಿಂದಿನ ದಿನ ಆ ಕೀಲಿಗೆ ಮಷಿನ್ ಎಣ್ಣೆ ಬಿಟ್ಟೆ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಸಂಜೆ ಬಂದವಳು ಅದೇ ಬಾಗಿಲು ತೆರೆದು ಅವನ ಹೆಗಲು ಮುಟ್ಟಿದೆ. ಮೈಯೆಲ್ಲ ನಡುಗಿ ಗೋಡೆಗೆ ಬಡಿದುಕೊಂಡ. ಆಗ ತಿಳಿಯಿತು. ಆ ಕಿರ್ರೆನ್ನುವ ಸದ್ದಿನಿಂದಲೇ ಅವನು ಯಾರೋ ಬಂದರೆಂದು ತಿಳಿದು, ಮೈ ಸಡಿಲ ಬಿಟ್ಟು ನಿಲ್ಲುತ್ತಿದ್ದ. ನೀನು ಬಂದದ್ದು ಅವನಿಗೆ ಗೊತ್ತಾಗದ ಹಾಗೆ ಮಾಡಿದವಳು ನಾನು. ನೀನು ಬಿದ್ದ ಮೇಲೆ, ನಿನ್ನನ್ನು ಎತ್ತಿಕೊಂಡು ಹೋಗುವ ತನಕ ಅವನು ಒಂದು ಕಾಲನ್ನೂ ಕದಲಿಸಲಿಲ್ಲವಂತೆ. ಅದು ಬೇಕರಿಯವರು ಕಣ್ಣಾರೆ ಕಂಡದ್ದು.

ಎಣ್ಣೆ ಬಿಡುವುದು ಸುಲಭ, ತೆಗೆಯುವುದು ಕಷ್ಟ. ಸೀಮೆಎಣ್ಣೆ ಹಾಕಿ ಒರೆಸಿದೆ, ಉಪ್ಪುನೀರು ಹೊಯ್ದೆ. ಬಾಗಿಲು ಕಿರ್ರೆನ್ನಲೇ ಇಲ್ಲ. ಈಗ ಅದಕ್ಕೆ ಎರಡು ತಗಡಿನ ಡಬ್ಬ ಕಟ್ಟಿದ್ದೇನೆ. ನಿಮ್ಮನೇಲಿ ದಿನಾ ಬೆಳಿಗ್ಗೆ ಯಾರಿಗ್ರೀ ಪಾತ್ರೆಲಿ ಹೊಡೀತೀರಿ ಎಂದು ಬೇಕರಿಯವರು ಕೇಳಿದರು. ಡಬ್ಬ ಕಟ್ಟಿದ ಮೇಲೆ ಸಾಹೇಬ ಒಂದು ಸಲವೂ ಬೆಚ್ಚಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿದೆ. ಕುದುರೆ ನಿಮ್ಮ ಅಮ್ಮಂದು, ಸೂಜಿ ಬೇಡ ಅಂತ ಅವರೇ ಹೇಳ್ಬೇಕು ಅಂದರು. ಈ ಕಾಗದ ಬುಧವಾರ ನಿನ್ನ ಕೈ ಸೇರುತ್ತದೆ. ಓದಿದ ಕೂಡಲೇ ಅಣ್ಣನ ಕೈಯಲ್ಲಿ ಅವರಿಗೆ ಫೋನ್ ಮಾಡಿಸು. ನನ್ನನ್ನು ಬೈಯುವುದನ್ನು ಆಮೇಲೆ ಇಟ್ಟುಕೋ, ನಾನೆಲ್ಲೂ ಹೋಗುವುದಿಲ್ಲ. ನಲವತ್ತು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ಹೆದರಿಕೆ ಅಂತ ತಿಳಿದುಕೋ.

ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನ ಸಣ್ಣವಳು

ವಿ.ಸೂ.: ಹೆದರಿಕೆ ಎಂದು ಬರೆದದ್ದು ಸುಳ್ಳು. ಕಳಿಸಿಬಿಡಿ ಎಂದು ನೀನು ಅಂದದ್ದು ಕೇಳಿ ನನಗೆ ಹಗುರವಾಯಿತು. ಬೆಳಿಗ್ಗೆ ಏಳರ ತನಕ ಮಲಗಬಹುದು, ಲಾಯದಲ್ಲಿ ನನ್ನದೇ ಒಂದು ಹೊಲಿಗೆ ಅಂಗಡಿ ಇಡಬಹುದು ಅಂದುಕೊಂಡೆ. ನಿನ್ನೆ ಟೇಪು ತಗೊಂಡು ಹೋಗಿ ಒಳಗೆಲ್ಲ ಅಳೆದೆ. ಮೂರು ಮಷಿನ್ ಹಿಡಿಸುತ್ತವೆ. ಕಿಟಕಿ ಕಡೆಯ ಗೋಡೆಗೆ ಅವನು ಅಡ್ಡ ನಿಂತಿದ್ದ. ಸ್ವಲ್ಪ ಸರಿಯೋ ಅಂದೆ. ಸರಿದ. ನಾನು ಅಳೆದು ಮುಗಿಸುವ ತನಕ ಅಲ್ಲಾಡದೆ ನಿಂತಿದ್ದ.